ಹಿರಿಯರ ಹೊಲ, ಕಿರಿಯರ ಹೊಣೆ

(ತಾಳಗುಂದದಲ್ಲಿ ನಡೆದ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



ನಾವಿಂದು ಸೇರಿರುವ ತಾಳಗುಂದವು ಐದನೆಯ ಶತಮಾನದ ಸ್ತಂಭ ಶಾಸನದಿಂದ ಪ್ರಸಿದ್ಧವಾದ ಊರು. ಕದಂಬ ದೊರೆ ಕಾಕುಸ್ಥವರ್ಮನು ಇಲ್ಲಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದುದನ್ನು ಆ ಶಾಸನವು ಹೇಳುತ್ತದೆ. ಮೊದಲು ನೀರು, ಆಮೇಲೆ ಮಿಕ್ಕೆಲ್ಲವೂ ಎಂಬುದು ಈ ನೆಲದ ಹಳೆಯ ಪಾಠ.

ಇದೇ ಜಿಲ್ಲೆಯಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. 1974ರ ಭೂಸುಧಾರಣಾ ತಿದ್ದುಪಡಿಯು ಗೇಣಿದಾರನನ್ನು ಹೊಲದ ಒಡೆಯನನ್ನಾಗಿಸಿತು. ಹಾಗೆ ದೊರೆತ ತುಂಡು ಭೂಮಿಯನ್ನು ಇಂದು ಮದುವೆಯ ಆಡಂಬರಕ್ಕೋ ವಿದೇಶದ ವೀಸಾಕ್ಕೋ ಮಾರುವವರಿದ್ದಾರೆ. 2020ರ ತಿದ್ದುಪಡಿಯು ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವ ದಾರಿಯನ್ನು ತೆರೆಯಿತು. ಹಣವಂತನ ಕೈಗೆ ಹೋದ ಭೂಮಿಯು ಬಡವನ ಕೈಗೆ ಮರಳುವುದು ಸುಲಭವಲ್ಲ.

ಆದ್ದರಿಂದ ಇರುವ ಒಂದೆಕರೆಯನ್ನೇ ಉಳಿಸಿಕೊಳ್ಳಿರಿ. ಆದರೆ ನೇಗಿಲು ಹೂಡುವ ಮೊದಲು ಒಂದು ಲೆಕ್ಕ ತೀರಬೇಕು. ತಂದೆಯ ಆಸ್ತಿಯಲ್ಲಿ ಸಹೋದರಿಯರ ಪಾಲೆಲ್ಲಿ? ಕುರ್‌ಆನ್ ನಿಗದಿಪಡಿಸಿದ ಹಕ್ಕನ್ನು 'ಮದುವೆಗೆ ಖರ್ಚು ಮಾಡಿದ್ದೇವೆ' ಎಂಬ ನೆಪದಿಂದ ನುಂಗಲಾಗದು. ಪಹಣಿಯಲ್ಲಿ ಅವರ ಹೆಸರನ್ನೂ ಸೇರಿಸಿ, ಅವರ ಸಮ್ಮತಿಯಿಂದ ಜಂಟಿಯಾಗಿ ಬೇಸಾಯ ಮಾಡಿರಿ. ಆಗ ದುಡಿಯುವ ಕೈಗಳೂ ಬಂಡವಾಳವೂ ಒಂದಾಗುತ್ತವೆ.

ಇನ್ನು ಖರ್ಚಿನ ಮಾತು. ಶುಂಠಿಯ ಬೆಲೆಯನ್ನು ಕಂಡು ಸಾಲ ಮಾಡಿ ಬಿತ್ತುವವರು ಕೊಳೆರೋಗವನ್ನೂ ಬೆಲೆ ಕುಸಿತವನ್ನೂ ಮರೆಯುತ್ತಾರೆ. ಅಡಿಕೆಯಾದರೋ ಫಸಲಿಗಾಗಿ ವರ್ಷಗಟ್ಟಲೆ ಕಾಯಿಸುತ್ತದೆ. ಕೈ ಬಿಗಿಯಾಗಿರುವವನು ಮೊದಲ ವರ್ಷ ಮನೆಯ ಅಡುಗೆಮನೆಗಾಗಿ ಬೆಳೆಯಲಿ. ಮಳೆಗಾಲದಲ್ಲಿ ಭತ್ತ ಅಥವಾ ಜೋಳ, ಬಳಿಕ ಉಳಿದ ತೇವದಲ್ಲಿ ಉದ್ದು, ಅಲಸಂದೆ, ಬದುವಿನಲ್ಲಿ ನುಗ್ಗೆ, ಹಿತ್ತಿಲಲ್ಲಿ ನಾಲ್ಕು ಕೋಳಿ, ಎರಡು ಆಡು. ಗೊಬ್ಬರ ಮನೆಯಲ್ಲಿಯೇ ಹುಟ್ಟುತ್ತದೆ. ಕೈಯಲ್ಲಿರುವ ಹಣವು ಮೊದಲು ಬದು ಕಟ್ಟಲು, ನೀರು ಇಂಗಿಸಲು ಹೋಗಲಿ. ಮಣ್ಣು ಪರೀಕ್ಷೆಗೆ, ಬೀಜದ ಸಲಹೆಗೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಲು ಸಂಕೋಚವೇಕೆ?

ಬಡ್ಡಿಯ ಭಯವುಳ್ಳವರು ಇದನ್ನು ಗಮನಿಸಬೇಕು: ಸಹಕಾರ ಸಂಘಗಳ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸುವುದಾಗಿ ರಾಜ್ಯ ಸರಕಾರವು 2023ರ ಬಜೆಟ್‌ನಲ್ಲಿ ಘೋಷಿಸಿತು. ಆದರೆ ಗಡುವು ಮೀರಿದರೆ ಬಡ್ಡಿ ಬೀಳುತ್ತದೆ. ತೀರಿಸಬಲ್ಲಷ್ಟನ್ನೇ ಪಡೆಯಿರಿ. ನಮ್ಮ ಮಸೀದಿಗಳ ಜಮಾಅತ್‌ಗಳು ಬೀಜದ ಖರ್ಚಿಗಾದರೂ ಬಡ್ಡಿರಹಿತ ಕೈಸಾಲದ ಸಣ್ಣ ನಿಧಿಯೊಂದನ್ನು ಏಕೆ ಸ್ಥಾಪಿಸಬಾರದು?

ಸಹೋದರರೇ, ಮುಸ್ಲಿಮನು ನೆಟ್ಟ ಗಿಡದಿಂದ ಹಕ್ಕಿಯೋ ಪ್ರಾಣಿಯೋ ಮನುಷ್ಯನೋ ತಿಂದರೆ ಅದೂ ದಾನವೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಮಳೆಯಿಂದ ಬೆಳೆದ ಬೆಳೆಯಲ್ಲಿ ಹತ್ತನೆಯ ಒಂದು ಪಾಲು, ಶ್ರಮಪಟ್ಟು ನೀರೆತ್ತಿ ಬೆಳೆದುದರಲ್ಲಿ ಇಪ್ಪತ್ತನೆಯ ಒಂದು ಪಾಲು ಝಕಾತ್. ರೈತನ ಬೆವರನ್ನು ಲೆಕ್ಕಕ್ಕೆ ಹಿಡಿದ ಧರ್ಮವಿದು. ಇಂದು ಝಕಾತ್ ಪಡೆಯುವ ಕೈಯು ನಾಳೆ ತನ್ನ ಹೊಲದಿಂದ ಝಕಾತ್ ನೀಡುವಂತಾಗಲಿ. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.