ಅಪ್ಪ ಹೊತ್ತ ಪೆಟ್ಟಿಗೆ
(ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನನಗೆ ಭಾಷಣ ಬರುವುದಿಲ್ಲ. ಸಂಡೂರಿನಲ್ಲಿ ಮರಗೆಲಸ ಮಾಡುವವನು ನಾನು. ಅದಕ್ಕೇ ಈ ಪೆಟ್ಟಿಗೆ ತಂದಿದ್ದೇನೆ. ನನ್ನ ಜೊತೆ ಓದಿದವರಿಗೆ ಇದರ ಗುರುತು ಸಿಕ್ಕೀತು. ಒಂಬತ್ತನೇ ತರಗತಿಯಲ್ಲಿ ಇದೇ ನನ್ನ ಪುಸ್ತಕದ ಚೀಲ.

ಇದು ಡಂಪಿ ಲೆವೆಲ್ ಇಡುವ ತೇಗದ ಪೆಟ್ಟಿಗೆ. ನೆಲದ ಏರುತಗ್ಗು ಅಳೆಯುವ ದುರ್ಬೀನು ಅದು. ನಮ್ಮ ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಹಾಕಿ, 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ನೀರು ತಾನಾಗಿ ಹರಿಯಬೇಕಾದರೆ ಇಳಿಜಾರಿನ ಲೆಕ್ಕ ಎಲ್ಲೂ ತಪ್ಪಬಾರದು. ಸರ್ವೆಯಲ್ಲಿ ಖಲಾಸಿಯಾಗಿದ್ದ ನಮ್ಮಪ್ಪ ಇದನ್ನು ಹೆಗಲಿಗೆ ಹಾಕಿಕೊಂಡು ಹೊಸಪೇಟೆಯಿಂದ ಕಂಪ್ಲಿಯ ಕಡೆಗೆ ನಡೆದವರು. ಹಂಪಿಗೆ ಹೋದಾಗಲೆಲ್ಲ ತುರ್ತು ಕಾಲುವೆಯ ದಂಡೆಯಲ್ಲಿ ನಿಂತು, "ರಾಯರ ಕಾಲದಾಗ ಯಾವ ದುರ್ಬೀನು ಇತ್ತೋ, ನೀರು ಇನ್ನೂ ಹರೀತೈತಿ ನೋಡು" ಅನ್ನುತ್ತಿದ್ದರು.

ಮುಂದೆ ಯಂತ್ರ ಕೆಟ್ಟು ಬರಿ ಪೆಟ್ಟಿಗೆ ಹರಾಜಿಗೆ ಬಂದಾಗ ಅಪ್ಪನೇ ಕೊಂಡರು. ಯಂತ್ರ ಅಲುಗದಂತೆ ಕೂರಿಸಲು ಒಳಗೆ ನಾಲ್ಕು ಮರದ ತುಂಡುಗಳಿದ್ದವು. ಪುಸ್ತಕ ಹಿಡಿಸಲಿಲ್ಲವೆಂದು ಅವನ್ನು ಉಳಿಯಿಂದ ಎಬ್ಬಿಸಿ ಹಿತ್ತಲಿಗೆ ಎಸೆದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಅವರು ತೀರಿಕೊಂಡ ಮೇಲೆ ಅಟ್ಟದಿಂದ ಇಳಿಸಿದೆ. ಮೂಲೆಗಳು ಬಿಟ್ಟಿದ್ದವು. ಯಾವಾಗಲೋ ಹೊಡೆದ ಕಬ್ಬಿಣದ ಮೊಳೆ (ನಾನೇ ಹೊಡೆದಿರಬೇಕು) ತುಕ್ಕು ಹಿಡಿದು ಮುಚ್ಚಳ ಸೀಳಿತ್ತು. ಮಕ್ಕಳೆ, ಹಳೆಯ ಪೆಟ್ಟಿಗೆಗೆ ಮೊಳೆ ಹೊಡೆಯಬೇಡಿ. ಹಿಂದಿನವರ ಅಂಟು ಚರ್ಮ ಕುದಿಸಿ ಮಾಡಿದ್ದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರೆ ಮೆತ್ತಗಾಗುತ್ತದೆ. ಅದನ್ನು ಕೆರೆದು, ಮರ ಒಣಗಿಸಿ, ಹೊಸ ಅಂಟು ಹಚ್ಚಿ, ಸುತ್ತ ಹಗ್ಗ ಕಟ್ಟಿ ಕೋಲಿನಿಂದ ತಿರುಚಿ ಎರಡು ದಿನ ಬಿಟ್ಟೆ. ಸೀಳಿಗೆ ಹಳೆ ಬಾಗಿಲಿನ ತೇಗದ ಚಕ್ಕೆಯನ್ನು ಎಳೆಗೆ ಎಳೆ ಹೊಂದಿಸಿ ಕೂರಿಸಿದೆ. ಸ್ಕ್ರೂ ತೂತು ಸಡಿಲವಾಗಿದ್ದ ಕಡೆ ಮರದ ಬೆಣೆ ತುಂಬಿ, ಅದೇ ಹಿತ್ತಾಳೆ ಬಿಜಾಗರಿ ಹಾಕಿದೆ. ಉಜ್ಜಿ ಪಾಲಿಶ್ ಮಾತ್ರ ಮಾಡಲಿಲ್ಲ. ಈ ಬದಿಯ ಹಲಗೆ ಮುಟ್ಟಿ ನೋಡಿ, ಅಪ್ಪನ ಬೆನ್ನಿಗೆ ತಾಗಿ ತಾಗಿ ನುಣುಪಾಗಿದೆ.

ಒಳಗಿನ ತುಂಡುಗಳನ್ನು ಹೊಸದಾಗಿ ಮಾಡಲು ಅಳತೆ ಹಿಡಿಯುತ್ತಿದ್ದೆ. ನೋಡುತ್ತ ಕೂತಿದ್ದ ಅವ್ವ ಎದ್ದುಹೋಗಿ ಒಂದು ಬಟ್ಟೆಯ ಗಂಟು ತಂದಳು. ಒಳಗೆ ಮೂರು ತುಂಡು.

"ನಿಮ್ಮಪ್ಪ ತಿಪ್ಪ್ಯಾಗಿಂದ ಆರಿಸ್ಕೊಂಡು ಬಂದಿದ್ರು. ಇನ್ನೊಂದು ಸಿಗಲಿಲ್ಲಂತ."

ನಾಲ್ಕನೆಯದು ನಾನು ಮಾಡಿದ್ದು. ಬಣ್ಣ ಸ್ವಲ್ಪ ಬೇರೆ. ಸಭೆ ಮುಗಿದ ಮೇಲೆ ಹತ್ತಿರ ಬಂದು ನೋಡಿ.