ಹೆಸರಿನಲ್ಲಿ ನಾಡನ್ನು ಹೊತ್ತ ನಟಿ

(ಬಸವನ ಬಾಗೇವಾಡಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಬಸವಣ್ಣನವರ ಜನ್ಮಭೂಮಿಯೆಂದು ನಾಡೆಲ್ಲ ಕೈಮುಗಿಯುವ ಈ ಊರಿನಲ್ಲಿ ನಾಟಕದ ಹೆಣ್ಣುಮಗಳೊಬ್ಬಳ ಚರಿತ್ರವನ್ನು ಹೇಳುವದು ತಕ್ಕುದೇ ಎಂದು ಕೆಲವರು ಶಂಕಿಸಬಹುದು. ಕಾಯಕದಲ್ಲಿ ಮೇಲು-ಕೀಳೆಣಿಸದ ಮಹಾನುಭಾವರ ಊರಿನಲ್ಲಿ ಹೇಳದೆ ಇನ್ನೆಲ್ಲಿ ಹೇಳಬೇಕು?

ಶ್ರೀಮತಿ ಅಮೀರಬಾಯಿ ಕರ್ನಾಟಕಿಯವರು ನಮ್ಮ ಹಳೆಯ ವಿಜಾಪುರ ಜಿಲ್ಲೆಯ ಬೀಳಗಿಯವರು. ಆ ಊರು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಹಾಡು-ನಾಟಕಗಳೇ ಬಾಳಾಗಿದ್ದ ಮನೆತನ. ಸಹೋದರಿ ಗೋಹರಬಾಯಿಯವರೂ ಕನ್ನಡ ರಂಗಭೂಮಿಯಿಂದ ಹೊರಟು ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆಗೆ ನಟಿಸಿದರು. ಅಮೀರಬಾಯಿಯವರು ಮುಂಬಯಿಗೆ ಹೋಗಿ ಬೋಲಪಟವನ್ನು ಸೇರಿದರು. 1934ರ ‘ವಿಷ್ಣುಭಕ್ತಿ’ಯಿಂದ ಅವರ ಚಿತ್ರಜೀವನವು ಮೊದಲಾಯಿತು. 1940ರ ‘ನರಸಿ ಭಗತ’ದಲ್ಲಿ, ಗಾಂಧೀಜಿಯವರಿಗೆ ಪ್ರಿಯವಾದ ನರಸಿ ಮೆಹತಾರ ಭಜನೆಗೆ ಅವರ ಕಂಠವಿತ್ತು. 1943ರಲ್ಲಿ ‘ಕಿಸ್ಮತ್’ ಬಂದಿತು. ಪ್ರದೀಪ ಕವಿಗಳ ಪದ, ಅನಿಲ ಬಿಸ್ವಾಸರ ಸಂಗೀತ, ಅಮೀರಬಾಯಿಯವರ ಕಂಠ. ಪರಕೀಯರಿಗೆ ದೂರ ಸರಿಯಿರೆಂದು ಸಾರುವ ಹಾಡನ್ನು ಖಾನ ಮಸ್ತಾನಾರೊಡನೆ ಅವರು ಹಾಡಿದರು. ಮೇಲ್ನೋಟಕ್ಕೆ ಅದು ಜರ್ಮನರನ್ನೂ ಜಪಾನೀಯರನ್ನೂ ಕುರಿತದ್ದು. ಆದರೆ ‘ಚಲೇಜಾವ್’ ಚಳವಳಿಯ ಮರುವರ್ಷ ಅದನ್ನು ಕೇಳಿದ ಜನಕ್ಕೆ ಅದರ ಒಳಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಲಕತ್ತೆಯ ರಾಕ್ಸಿ ನಾಟ್ಯಗೃಹವೊಂದರಲ್ಲೇ ಆ ಚಿತ್ರವು ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು.

ಬಂಧುಗಳೇ, ನಾವು ಈ ಕೀರ್ತಿಗಿಂತಲೂ ಅವರ ಹೆಸರನ್ನು ಹೆಚ್ಚೆಂದು ಬಗೆಯುವೆವು. ಆಗ ನಮ್ಮ ಈ ನಾಲ್ಕು ತಾಲೂಕುಗಳು ಮುಂಬಯಿ ಇಲಾಖೆಯಲ್ಲಿದ್ದವು. ಭೀಮೆಯನ್ನು ದಾಟಿ ಅಫಜಲಪುರಕ್ಕೆ ಹೋದರೆ ನಿಜಾಮರ ಸೀಮೆ. ದಕ್ಷಿಣಕ್ಕೆ ಮೈಸೂರು ಸಂಸ್ಥಾನ. ಒಂದೇ ನುಡಿಯ ಮಕ್ಕಳಿಗೆ ಹಲವು ದೊರೆತನ! ಭೂಪಟದಲ್ಲಿ ಒಂದು ಕರ್ನಾಟಕವಿರಲಿಲ್ಲ. ಆದರೆ ಧ್ವನಿಮುದ್ರಿಕೆಗಳ ಮೇಲೆ, ಚಿತ್ರಗೃಹಗಳ ಬೆಳ್ಳಿತೆರೆಯ ಮೇಲೆ ‘ಕರ್ನಾಟಕಿ’ ಎಂಬ ಶಬ್ದವು ದೇಶದ ತುಂಬ ಸಂಚರಿಸಿತು. 1956ರ ನವೆಂಬರ 1ರಂದು ನಾಡು ಒಂದಾಯಿತು. 1965ರಲ್ಲಿ ಅಮೀರಬಾಯಿಯವರು ತೀರಿಕೊಂಡರು. ರಾಜ್ಯವು ‘ಕರ್ನಾಟಕ’ವೆಂದು ಹೆಸರು ತಳೆದದ್ದು 1973ರಲ್ಲಿ. ನಾಡು ತಾಳಬೇಕಾದ ಹೆಸರನ್ನು ಮಗಳು ಮೊದಲೇ ತಾಳಿ, ನಾಡು ಅದನ್ನು ಪಡೆಯುವ ಮುನ್ನವೇ ಹೊರಟುಹೋದಳು.

ಏಕೀಕರಣವೆಂದೊಡನೆ ನಾವು ಮುಖಂಡರನ್ನೂ ಕವಿಗಳನ್ನೂ ನೆನೆಯುವೆವು; ನೆನೆಯಬೇಕಾದುದೇ ಸರಿ. ಆದರೆ ರಾತ್ರಿಯಿಡೀ ಗ್ಯಾಸಬತ್ತಿಯ ಬೆಳಕಿನಲ್ಲಿ ಹಾಡಿ, ಬೆಳಗಾದೊಡನೆ ಕೀಳುಮಾತಿಗೆ ಗುರಿಯಾದ ಹೆಣ್ಣುಮಕ್ಕಳನ್ನು ನೆನೆದವರೆಷ್ಟು ಜನ? ರಾತ್ರಿ ಚಪ್ಪಾಳೆ, ಹಗಲು ತಿರಸ್ಕಾರ: ಇದು ನಮ್ಮ ಸಮಾಜದ ಋಣ, ಇನ್ನೂ ತೀರಿಲ್ಲ.

ಶಿಕ್ಷಕ ಬಂಧುಗಳೇ, ನಿಮ್ಮ ನಿಮ್ಮ ಊರುಗಳಲ್ಲಿ ಬಣ್ಣ ಹಚ್ಚಿದ ಮುದುಕ-ಮುದುಕಿಯರು ಇನ್ನೂ ಇರುವರು. ಅವರ ಮನೆಗೆ ಹೋಗಿರಿ. ಅವರ ಹಾಡುಗಳನ್ನೂ ನೆನಪುಗಳನ್ನೂ ಬರೆದಿಡಿರಿ. ಅವರ ಹೆಸರುಗಳನ್ನು ಮಕ್ಕಳಿಗೆ ಕಲಿಸಿರಿ. ನಾಡಿನ ಹೆಸರನ್ನು ಹೊತ್ತವಳ ಹೆಸರನ್ನು ನಾಡು ಮರೆತರೆ, ನಾವು ಕೂಡಿಸಿದ್ದು ಬರಿಯ ಭೂಮಿಯನ್ನು ಮಾತ್ರ ಎಂದಾದೀತು.

ಸಿರಿಗನ್ನಡಂ ಗೆಲ್ಗೆ!