ಹೊಸ ಮನೆಯ ಮಹಡಿಗೆ ವಿದ್ಯುತ್ ತಂತಿ



ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೊಸ ಮನೆ ಒಂದೇ ಸಲಕ್ಕೆ ಪೂರ್ತಿಯಾಗುವುದು ಕಡಿಮೆ. ಕಬ್ಬಿನ ಹಣ ಕೈಗೆ ಬಂದ ವರ್ಷ ಕೆಳಮನೆಗೆ ಮೋಲ್ಡ್ ಬೀಳುತ್ತದೆ. ಮಹಡಿ ಏಳುವುದು ನಾಲ್ಕಾರು ವರ್ಷ ಕಳೆದ ಮೇಲೆ. ಆ ಹೊತ್ತಿಗೆ ಕರೆಂಟು ಮೇಲೇರಲು ದಾರಿಯೇ ಉಳಿದಿರುವುದಿಲ್ಲ. ಕೆಳಗಿನ ಯಾವುದೋ ಸ್ವಿಚ್ ಬೋರ್ಡಿನಿಂದ ಎರಡು ತಂತಿ ತೆಗೆದು, ಕಿಟಕಿಯಿಂದ ಹೊರಗೆ ತಂದು, ಗೋಡೆಗೆ ಮೊಳೆ ಹೊಡೆದು ಮೇಲಕ್ಕೆ ಒಯ್ಯುತ್ತಾರೆ. ದೀಪವೇನೋ ಉರಿಯುತ್ತದೆ. ಅದೇ ಮಹಡಿಯಲ್ಲಿ ರೇಷ್ಮೆ ಹುಳು ಸಾಕಲು ಹೊರಟಾಗ ಅಪಾಯ ಎದುರಾಗುತ್ತದೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲೇ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ಸಾಗಿದ ವಿದ್ಯುತ್ತಿಗೆ ಮನೆಯೊಳಗೆ ಹತ್ತಡಿ ಮೇಲೇರುವುದು ಕಷ್ಟವಲ್ಲ. ಏರಿಸುವ ಕ್ರಮ ಸರಿಯಿರಬೇಕು, ಅಷ್ಟೆ.

ಮಹಡಿಯ ವೈರಿಂಗ್ ಕೆಲಸ ಕೆಳಮನೆಯ ಮೋಲ್ಡ್ ಹಾಕುವ ದಿನಕ್ಕೆ ಮೊದಲೇ ಆರಂಭವಾಗತಕ್ಕದ್ದು. ಮೇಲೆ ಕಟ್ಟಲು ಸದ್ಯಕ್ಕೆ ಹಣವಿಲ್ಲದಿದ್ದರೂ ಮೀಟರ್ ಬೋರ್ಡಿನ ಬಳಿಯಿಂದ 25 ಮಿ.ಮೀ.ನ ಎರಡು ಪಿ.ವಿ.ಸಿ. ಪೈಪುಗಳನ್ನು ಗೋಡೆಯೊಳಗೆ ನೇರವಾಗಿ ನಿಲ್ಲಿಸಿ, ತಾರಸಿಯ ಮೇಲೆ ಒಂದಡಿ ಬಿಟ್ಟು, ಬಾಯಿಗೆ ಮುಚ್ಚಳ ಹಾಕಿಡಬೇಕು. ಆಗ ತಗಲುವ ಖರ್ಚು ಅಲ್ಪ. ಆಮೇಲೆ ಮೋಲ್ಡ್ ಒಡೆದು ತೂತು ಮಾಡಿದರೆ ಕಂಬಿ ಕತ್ತರಿಸಿಹೋಗಬಹುದು. ಆ ತೂತಿನಿಂದ ಮಳೆ ನೀರೂ ಇಳಿಯುತ್ತದೆ.

ಸೆಂಟ್ರಿಂಗ್ ಹಲಗೆಯ ಮೇಲೆಯೇ ಪೈಪು ಮಲಗಿಸಬಾರದು. ಕೆಳಗಿನ ಕಂಬಿ ಕಟ್ಟಿದ ಮೇಲೆ, ಅದರ ಮೇಲಿಟ್ಟು ತಂತಿಯಿಂದ ಬಿಗಿಯಬೇಕು. ತಿರುವಿನಲ್ಲಿ ಮೊಣಕೈಯಂತೆ ಮುರಿದ ಜೋಡಣೆ ಬೇಡ, ಉದ್ದನೆಯ ಬೆಂಡ್ ಹಾಕಬೇಕು. ಇಲ್ಲವಾದರೆ ತಂತಿ ಎಳೆಯುವಾಗ ಸಿಕ್ಕಿಕೊಳ್ಳುತ್ತದೆ. ಪೈಪಿನೊಳಗೆ ತಂತಿಗೆ ಗಂಟು ಹಾಕುವುದು ಎಂದಿಗೂ ಕೂಡದು.

ಇನ್ನು ತಂತಿಯ ವಿಚಾರ. ಮೇಲೆ ಹೋಗಬೇಕಾದದ್ದು ಎರಡಲ್ಲ, ಮೂರು: ಫೇಸ್, ನ್ಯೂಟ್ರಲ್ ಮತ್ತು ಹಸಿರು ಬಣ್ಣದ ಅರ್ಥ್ ತಂತಿ. ಬಹಳ ಕಡೆ ಬಿಟ್ಟುಹೋಗುವುದು ಈ ಮೂರನೆಯದೇ. ಕೆಲವು ಕೆಲಸಗಾರರು ಸಾಕೆಟ್ಟಿನ ಮೂರನೆಯ ತೂತನ್ನು ನ್ಯೂಟ್ರಲ್‌ಗೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಇದು ಅರ್ಥ್ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು. ಎಲ್ಲಿಯಾದರೂ ನ್ಯೂಟ್ರಲ್ ತುಂಡಾದ ಕ್ಷಣ ಹೀಟರಿನ ಲೋಹದ ಮೈಯೆಲ್ಲ ಕರೆಂಟಾಗುತ್ತದೆ.

ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ, ಶೇಕಡ 80ಕ್ಕೆ ಮೇಲ್ಪಟ್ಟ ತೇವಾಂಶ ಬೇಕು. ಚಳಿಗಾಲದಲ್ಲಿ ಹೀಟರ್ ಉರಿಯುತ್ತಿರುತ್ತದೆ, ಒದ್ದೆ ಗೋಣಿತಾಟು ತೂಗುತ್ತಿರುತ್ತದೆ, ನೆಲ ಹಸಿ, ಸೊಪ್ಪು ಹಾಕುವ ಹೆಂಗಸರ ಕಾಲು ಬರಿಗಾಲು. ಶಾಕ್ ಹೊಡೆಯಲು ಇದಕ್ಕಿಂತ ಅನುಕೂಲದ ಜಾಗ ಬೇರಿಲ್ಲ. ಮೇಲಾಗಿ 2000 ವಾಟಿನ ಒಂದು ಹೀಟರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದು 10 ವಾಟಿನ 200 ಬಲ್ಬುಗಳಿಗೆ ಸಮ. ದೀಪದ ತಂತಿ ಅದನ್ನು ತಾಳಲಾರದು. ದೀಪ, ಫ್ಯಾನುಗಳಿಗೆ 1.5 ಚದರ ಮಿ.ಮೀ. ತಾಮ್ರದ ತಂತಿ ಸಾಕು. ಹೀಟರಿಗೆ 4 ಚದರ ಮಿ.ಮೀ.ನ ಪ್ರತ್ಯೇಕ ಲೈನು, 16 ಆಂಪಿಯರ್ ಸಾಕೆಟ್ಟು, ಅದಕ್ಕೆ ತಕ್ಕ ಎಂ.ಸಿ.ಬಿ. ಇರಬೇಕು. ಸಾಕೆಟ್ಟು ನೆಲದಿಂದ ನಾಲ್ಕಡಿ ಮೇಲಿರಲಿ. ಬ್ಲೀಚಿಂಗ್ ಪುಡಿಯ ದ್ರಾವಣ ಸಿಂಪಡಿಸುವಾಗ ಮೇನ್ ಸ್ವಿಚ್ ಆರಿಸಿ ಬೋರ್ಡುಗಳನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಬೇಕು. ಕ್ಲೋರಿನ್ ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ.

ಎಂ.ಸಿ.ಬಿ. ಇದೆಯೆಂದು ಧೈರ್ಯವಾಗಿರುವವರುಂಟು. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಬೇಕು. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಬದಲಾಯಿಸತಕ್ಕದ್ದು. ಇದಿದ್ದರೂ ಅರ್ಥಿಂಗ್ ತಪ್ಪುವುದಿಲ್ಲ. ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪನ್ನು ಮಣ್ಣಿಗಿಳಿಸಿ ಅರ್ಥ್ ತಂತಿಯನ್ನು ಅದಕ್ಕೆ ಜೋಡಿಸಬೇಕು. ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಕಡೆ ನೆಲ ತೇವವಾಗಿರುತ್ತದೆ. ಖುಷ್ಕಿಯ ಕೆಂಪು ಮಣ್ಣಿನಲ್ಲಿ ಬೇಸಿಗೆ ಕಳೆಯುವವರೆಗೂ ಆ ಗುಂಡಿಗೆ ನೀರು ಹಾಕುತ್ತಿರಬೇಕು.

ಮಹಡಿ ಏರಿದಂತೆ ಹೊರಗಿನ ಲೈನೂ ಹತ್ತಿರವಾಗುತ್ತದೆಂಬುದು ಅನೇಕರಿಗೆ ಹೊಳೆಯುವುದಿಲ್ಲ. ಮನೆಯ ಅತಿ ಎತ್ತರದ ಭಾಗದಿಂದ ಸಾಧಾರಣ ಲೈನಿಗೆ 2.5 ಮೀಟರ್, 11 ಕೆ.ವಿ. ಲೈನಿಗೆ 3.7 ಮೀಟರ್ ಅಂತರ ಮೇಲ್ಗಡೆ ಇರಬೇಕು. ಪಕ್ಕದಲ್ಲಿ ಹಾದುಹೋದರೆ 1.2 ಮೀಟರ್. ಅಷ್ಟಿಲ್ಲದಿದ್ದರೆ ಕಂಬಿ ಮೇಲೆತ್ತುವ ಮೊದಲೇ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಲೈನು ಸರಿಸಿಕೊಳ್ಳಬೇಕು. ಹೀಟರಿನಿಂದ ಹೆಚ್ಚುವ ಲೋಡನ್ನೂ ಅಲ್ಲಿಯೇ ಮಂಜೂರು ಮಾಡಿಸಿಕೊಳ್ಳಬಹುದು.

ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಿ, ಕರೆಂಟು ಕೊಡುವ ಮುನ್ನ ಮೆಗ್ಗರ್ ಪರೀಕ್ಷೆ ಮಾಡಿಸಬೇಕು. ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ತಂತಿಯ ಹೊದಿಕೆ ಎಲ್ಲೋ ಕೆಟ್ಟಿದೆಯೆಂದೇ ಅರ್ಥ. ಕಾಂಕ್ರೀಟು ಸುರಿಯುವ ಮುಂಚೆ ಪೈಪುಗಳ ಫೋಟೋ ತೆಗೆದಿಡುವುದು ಒಳ್ಳೆಯದು. ಮುಂದೆ ತಟ್ಟೆಯ ಸ್ಟ್ಯಾಂಡಿಗೆ ಕೊಕ್ಕೆ ಹಾಕಲು ಗೋಡೆ, ಸೂರು ಕೊರೆಯುವವರಿಗೆ ಅದನ್ನು ತೋರಿಸಬಹುದು.